ಅದಿರಿನ ರಹದಾರಿ

(ಚಿತ್ರದುರ್ಗದ ನ್ಯಾಯಾಲಯಗಳಲ್ಲಿ ಬಹುಕಾಲ ವಕೀಲಿ ನಡೆಸಿ ಈಗ ಭರಮಸಾಗರದ ಸ್ವಂತ ಮನೆಯಲ್ಲಿ ನೆಲೆಸಿರುವ ಹಿರಿಯರೊಬ್ಬರಿಗೂ, ಬೆಂಗಳೂರಿನಲ್ಲಿ ವಿದ್ಯುತ್ ವಾಹನಗಳ ಬ್ಯಾಟರಿ ತಯಾರಿಕೆಯಲ್ಲಿ ಎಂಜಿನಿಯರಾಗಿರುವ ಅವರ ತಂಗಿಯ ಮಗಳಿಗೂ ನಡೆದ ಸಂವಾದ.)

ಕಿರಿಯಳು: ಮಾವ, ಬ್ಯಾಟರಿಗೂ ರಹದಾರಿಗೂ ಏನು ಸಂಬಂಧವೆಂದು ಕೇಳಿದಿರಲ್ಲ, ಈ ಸ್ಕೂಟರಿನ ಸೀಟು ಎತ್ತಿ ತೋರಿಸುತ್ತೇನೆ, ನೋಡಿ. ಬ್ಯಾಟರಿಯ ಪಕ್ಕದಲ್ಲಿ ಅಂಟಿಸಿರುವ ಈ ಚೀಟಿಯಲ್ಲಿ ತಯಾರಕರ ಹೆಸರಿದೆ, ವೋಲ್ಟೇಜು ಇದೆ, ಕ್ರಮಸಂಖ್ಯೆ ಇದೆ, ಕಸದೊಡನೆ ಎಸೆಯಬಾರದೆಂದು ತಿಳಿಸುವ, ಅಡ್ಡಗೀಟು ಹೊಡೆದ ಡಬ್ಬಿಯ ಚಿತ್ರವೂ ಇದೆ. ಆದರೆ ಇದರೊಳಗಿನ ಲೋಹಗಳು ಯಾವ ನೆಲದಿಂದ ಬಂದವು, ಅವನ್ನು ಯಾರು ಅಗೆದರು, ಅಗೆದಾಗ ಆ ಊರಿನ ನೀರಿಗೂ ಹೊಲಕ್ಕೂ ಏನಾಯಿತು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಈ ಬಗೆಯ ಬ್ಯಾಟರಿಗಳಿಗೆ ಬೇಕಾದ ಲಿಥಿಯಂ ಬಹುಮಟ್ಟಿಗೆ ಆಸ್ಟ್ರೇಲಿಯದಿಂದಲೋ ಚಿಲಿಯಿಂದಲೋ ಬರುತ್ತದೆ, ಕೋಬಾಲ್ಟು ಬೇಕಾದ ಬಗೆಯದಾದರೆ ಜಗತ್ತಿನ ಕೋಬಾಲ್ಟಿನ ಮುಕ್ಕಾಲು ಪಾಲಿನಷ್ಟು ಕಾಂಗೋ ದೇಶವೊಂದರಿಂದಲೇ ಬರುತ್ತದೆ, ಗ್ರಾಫೈಟು ಚೀನದ್ದು, ಎಲ್ಲಿ ಅಗೆದರೂ ಶುದ್ಧಿಗೊಳ್ಳುವುದು ಹೆಚ್ಚಾಗಿ ಚೀನದ ಕಾರ್ಖಾನೆಗಳಲ್ಲಿಯೇ. ಯುರೋಪಿನ ಒಕ್ಕೂಟ 2023ರಲ್ಲಿ ಬ್ಯಾಟರಿಗಳಿಗಾಗಿಯೇ ಒಂದು ಕಾನೂನು ಮಾಡಿತು. ಅದರ ಪ್ರಕಾರ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರಾಟಕ್ಕೆ ಬರುವ ವಿದ್ಯುತ್ ವಾಹನದ ಪ್ರತಿಯೊಂದು ಬ್ಯಾಟರಿಗೂ, ನಮ್ಮ ಸ್ಕೂಟರಿನಂಥ ಹಗುರ ವಾಹನಗಳ ಬ್ಯಾಟರಿಗೂ, ಒಂದು ಕ್ಯೂಆರ್ ಕೋಡಿನ ಮೂಲಕ ತೆರೆದುಕೊಳ್ಳುವ ಡಿಜಿಟಲ್ ಪಾಸ್‌ಪೋರ್ಟು ಇರಲೇಬೇಕು.

ಹಿರಿಯರು: ಅಂದರೆ, ನಮ್ಮ ಕಾಲದ ಅದಿರಿನ ಪರ್ಮಿಟ್ಟೇ ರೂಪ ಬದಲಿಸಿಕೊಂಡು ಸಮುದ್ರ ದಾಟಿ ಬರುತ್ತಿದೆ. ಹಾಗಾದರೆ ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೇಳುವುದಕ್ಕೆ ಬಹಳ ಉಂಟು, ಮಗು. ಚಿತ್ರದುರ್ಗ, ಬಳ್ಳಾರಿ, ತುಮಕೂರು ಈ ಮೂರು ಜಿಲ್ಲೆಗಳ ನೆಲ ಖನಿಜದ ದಾಖಲೆ ಎಂಬುದರ ಸತ್ಯವನ್ನೂ ಸುಳ್ಳನ್ನೂ ಸಮೀಪದಿಂದ ಕಂಡಿದೆ. ಚೀನದ ಬೇಡಿಕೆ ಏರಿ ಕಬ್ಬಿಣದ ಅದಿರಿಗೆ ಹಿಂದೆಂದೂ ಇಲ್ಲದ ಬೆಲೆ ಬಂದ ಆ ವರ್ಷಗಳಲ್ಲಿ ಒಂದೊಂದು ಲಾರಿಯ ಚಾಲಕನ ಕೈಯಲ್ಲಿಯೂ ಒಂದು ಪರ್ಮಿಟ್ಟು ಇರುತ್ತಿತ್ತು. ಗುತ್ತಿಗೆದಾರನ ಹೆಸರು, ಲಾರಿಯ ಸಂಖ್ಯೆ, ಹೊತ್ತ ತೂಕ, ಹೊರಟ ಸ್ಥಳ, ಸೇರಬೇಕಾದ ಸ್ಥಳ ಎಲ್ಲವೂ ಅದರಲ್ಲಿ ಬರೆದಿರುತ್ತಿತ್ತು. ಬರೆದ ತೂಕಕ್ಕಿಂತ ಎಷ್ಟೋ ಹೆಚ್ಚಿನ ಅದಿರನ್ನು ಹೇರಿಕೊಂಡು ಲಾರಿ ಚೆಕ್‌ಪೋಸ್ಟು ದಾಟಿ ಹೋಗುತ್ತಿತ್ತು. ಇತ್ತ ಭೀಮಸಮುದ್ರದ ಕಡೆಯ ಅಡಕೆ ತೋಟಗಳಲ್ಲಿ ಆಗತಾನೆ ಬಿಚ್ಚಿದ ಹೊಂಬಾಳೆಯ ಮೇಲೆ ಕೆಂಧೂಳು ಕೂತು, ಕೈಯಿಂದ ಒರೆಸಿದರೆ ಬೆರಳು ಕೆಂಪಾಗುತ್ತಿತ್ತು. ಪರ್ಮಿಟ್ಟಿನಲ್ಲಿ ಆ ಧೂಳಿಗೆ ಅಂಕಣವಿರಲಿಲ್ಲ. ಆ ಕಾಗದ ಸುಳ್ಳೆಂಬುದು ಹೊರಬಿದ್ದುದಾದರೂ ಹೇಗೆ, ಬಲ್ಲೆಯಾ?

ಕಿರಿಯಳು: ಲೋಕಾಯುಕ್ತರ ವರದಿಯಿಂದ.

ಹಿರಿಯರು: ವರದಿಯಿಂದಲೇ, ನಿಜ, ಆದರೆ ಆ ವರದಿ ಸಿದ್ಧವಾದ ಕ್ರಮವನ್ನು ಗಮನಿಸಬೇಕು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ಎರಡನೆಯ ವರದಿಯ ಬಲವೆಲ್ಲ ಇರುವುದು ಒಂದು ಕಚೇರಿಯ ಲೆಕ್ಕವನ್ನು ಇನ್ನೊಂದು ಕಚೇರಿಯ ಲೆಕ್ಕದ ಎದುರಿಗೆ ಇಟ್ಟುದರಲ್ಲಿ. ಗಣಿ ಇಲಾಖೆ ಕೊಟ್ಟ ಪರ್ಮಿಟ್ಟುಗಳ ಲೆಕ್ಕ ಒಂದು ಕಡೆ, ರೈಲ್ವೆಯೂ ಬಂದರುಗಳೂ ತಾವು ಸಾಗಿಸಿದ ಅದಿರಿಗೆ ಇಟ್ಟ ಲೆಕ್ಕ ಇನ್ನೊಂದು ಕಡೆ; ಅರಣ್ಯಾಧಿಕಾರಿ ಯು. ವಿ. ಸಿಂಗ್ ಅವರ ತಂಡ ಇವೆರಡನ್ನೂ ತಾಳೆ ನೋಡಿದಾಗ 2006ರಿಂದ 2010ರವರೆಗಿನ ಅವಧಿಯಲ್ಲಿ ಸುಮಾರು 2.98 ಕೋಟಿ ಟನ್ನು ಅದಿರು ಪರ್ಮಿಟ್ಟೇ ಇಲ್ಲದೆ ದೇಶ ಬಿಟ್ಟು ಹೋಗಿದ್ದುದು ಗೋಚರವಾಯಿತು. ಒಂದೇ ಕಚೇರಿಯ ದಾಖಲೆ ಎಷ್ಟು ಚೆನ್ನಾಗಿದ್ದರೂ ತನ್ನ ಸತ್ಯವನ್ನು ತಾನೇ ಸಾಬೀತು ಮಾಡಿಕೊಳ್ಳಲಾರದು. ಬೇರೊಬ್ಬನು ಬೇರೊಂದು ಉದ್ದೇಶಕ್ಕಾಗಿ ಇಟ್ಟ ಲೆಕ್ಕ ಅದರ ಪಕ್ಕದಲ್ಲಿ ಬಂದು ನಿಂತಾಗಲೇ ಅದರ ಪರೀಕ್ಷೆ. ನಿನ್ನ ಪಾಸ್‌ಪೋರ್ಟಿನಲ್ಲಿ ಈ ಎರಡನೆಯ ಲೆಕ್ಕ ಎಲ್ಲಿಂದ ಬರುತ್ತದೆ, ಹೇಳು.

ಕಿರಿಯಳು: ಅದು ಪಾಸ್‌ಪೋರ್ಟಿನಿಂದಲೇ ಬರುವುದಿಲ್ಲ, ಅದೇ ಕಾನೂನಿನ ಇನ್ನೊಂದು ಭಾಗದಿಂದ ಬರಬೇಕು. ಕೋಬಾಲ್ಟು, ನೈಸರ್ಗಿಕ ಗ್ರಾಫೈಟು, ಲಿಥಿಯಂ, ನಿಕಲ್ ಈ ನಾಲ್ಕರ ವಿಷಯದಲ್ಲಿ ದೊಡ್ಡ ಕಂಪನಿಗಳು ಗಣಿಯವರೆಗೆ ತಮ್ಮ ಸರಬರಾಜಿನ ಹಾದಿಯನ್ನು ಹಿಡಿದು ಹೋಗಿ, ಬಾಲಕಾರ್ಮಿಕರಿದ್ದಾರೆಯೇ, ನೀರು ಕೆಟ್ಟಿದೆಯೇ, ಊರಿನವರ ಬದುಕಿಗೆ ಧಕ್ಕೆಯಾಗಿದೆಯೇ ಎಂದು ವಿಚಾರಿಸಬೇಕು. ಆ ವಿಚಾರಣೆಯನ್ನು ಹೊರಗಿನ ಪರಿಶೀಲಕ ಸಂಸ್ಥೆಯೊಂದು ತಪಾಸಣೆ ಮಾಡಬೇಕು. ಇದು 2025ರ ಆಗಸ್ಟಿನಲ್ಲಿಯೇ ಜಾರಿಗೆ ಬರಬೇಕಾಗಿತ್ತು, ಎರಡು ವರ್ಷ ಮುಂದೆ ಹಾಕಿ 2027ರ ಆಗಸ್ಟ್ 18ಕ್ಕೆ ನಿಲ್ಲಿಸಿದ್ದಾರೆ. ನಾನು ಕೆಲಸ ಮಾಡುವ ಕಡೆಯಿಂದ ನೋಡಿದರೆ ಇದರ ಕಷ್ಟ ಬೇಗನೆ ತಿಳಿಯುತ್ತದೆ. ಒಂದು ಚೀಲ ಕೋಬಾಲ್ಟು ಸಲ್ಫೇಟು ನಮ್ಮ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಹತ್ತಾರು ಗಣಿಗಳ ಅದಿರು ಒಂದೇ ಶುದ್ಧೀಕರಣ ಕಾರ್ಖಾನೆಯಲ್ಲಿ ಕರಗಿ, ಒಂದೇ ತೊಟ್ಟಿಯಲ್ಲಿ ಕದಡಿ ಹೋಗಿರುತ್ತದೆ. ಆ ಮೇಲೆ ಯಾವ ಯಂತ್ರ ಹಿಡಿದು ಪರೀಕ್ಷಿಸಿದರೂ ಇದು ಇಂಥ ಗುಂಡಿಯದು ಎಂದು ವಿಂಗಡಿಸಿ ಹೇಳುವುದು ಆಗದ ಮಾತು. ಆದುದರಿಂದ ಒಳಕ್ಕೆ ಬಂದ ತೂಕ, ಹೊರಕ್ಕೆ ಹೋದ ತೂಕ ಈ ಎರಡರ ಲೆಕ್ಕವನ್ನು ನಂಬುವುದೊಂದೇ ನಮಗಿರುವ ದಾರಿ.

ಹಿರಿಯರು: ಆ ಶುದ್ಧೀಕರಣ ಕಾರ್ಖಾನೆ ಚೀನದಲ್ಲಿದ್ದು, ಗಣಿ ಕಾಂಗೋದಲ್ಲಿದ್ದು, ಬ್ಯಾಟರಿಯ ಕಾರ್ಖಾನೆ ಬೆಂಗಳೂರಿನಲ್ಲಿದ್ದು, ಪ್ರಶ್ನಿಸುವ ಅಧಿಕಾರಿ ಬರ್ಲಿನ್ನಿನಲ್ಲಿದ್ದರೆ, ಆ ಅಧಿಕಾರಿ ಯಾವ ಕಾನೂನಿನ ಬಲದಿಂದ ಶುದ್ಧೀಕರಣ ಕಾರ್ಖಾನೆಯ ತೂಕದ ಪುಸ್ತಕವನ್ನು ತೆರೆಸುತ್ತಾನೆ?

ಕಿರಿಯಳು: ಯಾವ ಬಲದಿಂದಲೂ ಅಲ್ಲ. ಪುಸ್ತಕ ತೋರಿಸದಿದ್ದರೆ ನಿಮ್ಮ ಸರಕು ನಮ್ಮ ಮಾರುಕಟ್ಟೆಗೆ ಬೇಡ ಎನ್ನಬಹುದು, ಅಷ್ಟೆ.

ಹಿರಿಯರು: ಅಷ್ಟೇ ಸಾಲದೆನ್ನುವುದು ನನ್ನ ಖಚಿತವಾದ ಅಭಿಪ್ರಾಯ. ಕೊಳ್ಳುವವನು ಬಾಗಿಲು ಮುಚ್ಚುತ್ತೇನೆಂದು ಹೆದರಿಸಿದಾಗ ಮಾರುವವನು ಅವನಿಗೆ ಬೇಕಾದ ಕಾಗದವನ್ನು ಹೊಂದಿಸಿ ಕೊಡುತ್ತಾನೆ. ನಮ್ಮಲ್ಲಿ ಪರ್ಮಿಟ್ಟುಗಳು ಹೀಗೆಯೇ ಹುಟ್ಟಿದವು. ದೇಶದೊಳಗಿನ ಗಡಿಯೊಂದರ ಕಥೆಯನ್ನೇ ನೋಡು. ಬಳ್ಳಾರಿಯ ಆಚೆ ಕರ್ನಾಟಕಕ್ಕೂ ಆಂಧ್ರಕ್ಕೂ ನಡುವಣ ಗುಡ್ಡಗಳಲ್ಲಿ, ಮದರಾಸು ಪ್ರಾಂತದ ಕಾಲದ ಗಡಿಕಲ್ಲುಗಳೇ ಕಾಣೆಯಾಗಿ, ಸುಗ್ಗಲಮ್ಮನ ಗುಡಿಯೂ ನೆಲಸಮವಾಗಿ, ಯಾವ ಅದಿರು ಯಾವ ರಾಜ್ಯದ್ದು ಎಂಬುದೇ ವಿವಾದವಾಯಿತು. ಎರಡೂ ರಾಜ್ಯಗಳಲ್ಲಿ ಒಂದೇ ಗಣಿ ಕಾನೂನು, ಮೇಲೆ ಒಂದೇ ಸುಪ್ರೀಂ ಕೋರ್ಟು, ನೆಲ ಅಳೆಯಲು ಭಾರತೀಯ ಸರ್ವೇಕ್ಷಣ ಇಲಾಖೆಯಂಥ ಒಂದೇ ಸಂಸ್ಥೆ ಇದ್ದೂ ಆ ಗಡಿಯನ್ನು ನಿರ್ಣಯಿಸುವುದಕ್ಕೆ ವರ್ಷಗಳೇ ಹಿಡಿದವು. ಗಡಿಗೆ ಹೊಂದಿದ್ದ ಗುತ್ತಿಗೆಗಳನ್ನು ಅಲ್ಲಿಯವರೆಗೆ ತಡೆಹಿಡಿಯಬೇಕಾಯಿತು. ಒಂದೇ ಸಂವಿಧಾನದ ಆಶ್ರಯದಲ್ಲಿದ್ದ ಎರಡು ರಾಜ್ಯಗಳ ಪಾಡು ಇದಾದರೆ, ಸಮಾನವಾದ ನ್ಯಾಯಾಲಯವೇ ಇಲ್ಲದ ನಾಲ್ಕು ದೇಶಗಳ ನಡುವೆ ದಾಖಲೆ ಹರಿದು ಬರಬೇಕೆಂದರೆ, ದೇಶ ದೇಶಗಳೇ ಸಮಾನರಾಗಿ ಕುಳಿತು ಮಾಡಿಕೊಂಡ ಒಡಂಬಡಿಕೆಯ ವಿನಾ ಬೇರೆ ದಾರಿಯಿಲ್ಲ.

ಕಿರಿಯಳು: ಒಡಂಬಡಿಕೆಗಳು ಈಗಲೂ ಇವೆಯಲ್ಲ. ಅಪರಾಧ ಪ್ರಕರಣಗಳಲ್ಲಿ ಪರಸ್ಪರ ಕಾನೂನು ನೆರವಿನ ಒಪ್ಪಂದವನ್ನು ಭಾರತ ಎಷ್ಟೋ ದೇಶಗಳೊಡನೆ ಮಾಡಿಕೊಂಡಿದೆ. ಜರ್ಮನಿಯೊಡನೆ 2024ರಲ್ಲಿ ಸಹಿಯಾಯಿತೆಂದು ಓದಿದ ನೆನಪು.

ಹಿರಿಯರು: ಇವೆ, ಇರತಕ್ಕದ್ದೂ ಹೌದು. ಆದರೆ ಅವುಗಳ ಬಾಗಿಲು ತೆರೆಯುವುದು ಅಪರಾಧವೊಂದು ದಾಖಲಾದ ಮೇಲೆ. ಹೊರದೇಶದಲ್ಲಿರುವ ದಾಖಲೆ ಬೇಕಾದರೆ ತನಿಖಾಧಿಕಾರಿ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು; ಲೆಟರ್ ರೊಗೇಟರಿ ಎಂದು ನಾವು ಕರೆಯುವ ಕೋರಿಕೆ ಪತ್ರವನ್ನು ನ್ಯಾಯಾಲಯ ಹೊರಡಿಸಬೇಕು; ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 166-ಎ ಪ್ರಕರಣದಲ್ಲಿದ್ದ ಈ ಅಧಿಕಾರ ಈಗ ನಾಗರಿಕ ಸುರಕ್ಷಾ ಸಂಹಿತೆಯ 112ನೆಯದರಲ್ಲಿದೆ. ಆ ಪತ್ರ ಆಚೆ ದೇಶದ ಭಾಷೆಗೆ ತರ್ಜುಮೆಯಾಗಿ, ಗೃಹ ಸಚಿವಾಲಯದ ಮೂಲಕ ಅಲ್ಲಿಗೆ ಹೋಗಿ, ಅಲ್ಲಿನ ನ್ಯಾಯಾಲಯದ ಒಪ್ಪಿಗೆ ಪಡೆದು, ಉತ್ತರ ಹಿಂದಿರುಗುವ ಹೊತ್ತಿಗೆ ಸಾಕ್ಷಿಗಳು ಮುದುಕರಾಗಿರುತ್ತಾರೆ. ನಮ್ಮ ಅದಿರಿನ ಪ್ರಕರಣಗಳಲ್ಲಿಯೇ ಹಣದ ಜಾಡು ಸಮುದ್ರ ದಾಟಿದಾಗ ಸಿಬಿಐ ಇಂಥ ಪತ್ರಗಳಿಗಾಗಿ ನ್ಯಾಯಾಲಯದ ಮೊರೆಹೋಗಬೇಕಾಯಿತು. ಬ್ಯಾಟರಿಯ ಖನಿಜದ ವಿಷಯದಲ್ಲಿ ಬೇಕಾಗಿರುವುದು ಅದಲ್ಲ. ಯಾರೂ ಆರೋಪಿಯಾಗದೆ ಇರುವಾಗಲೇ, ನಮ್ಮ ಗಣಿ ಇಲಾಖೆಯ ಅಧಿಕಾರಿ ಅಲ್ಲಿನ ಮಾರುಕಟ್ಟೆ ಅಧಿಕಾರಿಗೆ ನೇರವಾಗಿ, ಈ ಸಂಖ್ಯೆಯ ಪರ್ಮಿಟ್ಟು ನಾವು ಕೊಟ್ಟದ್ದೇ, ಇಷ್ಟೇ ತೂಕಕ್ಕೆ ಕೊಟ್ಟದ್ದು ಎಂದು ಒಂದು ವಾರದೊಳಗೆ ಉತ್ತರ ಬರೆಯುವ ಕರ್ತವ್ಯ ಬೇಕು; ಅವರೂ ಅಷ್ಟೇ ಅವಧಿಯಲ್ಲಿ ನಮಗೆ ಬರೆಯುವ ಕರ್ತವ್ಯ ಬೇಕು. ಸುಂಕದ ಇಲಾಖೆಗಳು ಹಲವು ದೇಶಗಳ ನಡುವೆ ಈ ಬಗೆಯ ಸಹಕಾರವನ್ನು ಬಹಳ ಕಾಲದಿಂದ ನಡೆಸಿಕೊಂಡೇ ಬಂದಿವೆ.

ಕಿರಿಯಳು: ನೀವು ಅಧಿಕಾರಿಯ ಉತ್ತರವನ್ನು ಇಷ್ಟು ನೆಚ್ಚುವುದು ನನಗೆ ಸ್ವಲ್ಪ ಆಶ್ಚರ್ಯವೇ. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಸರ್ಕಾರವೇ ವಶಪಡಿಸಿಕೊಂಡು ಕಾವಲಿನಲ್ಲಿ ಇಟ್ಟಿದ್ದ ಅದಿರಿನ ರಾಶಿ, ಕಾವಲಿದ್ದಂತೆಯೇ ಹಡಗು ಹತ್ತಿ ಹೋಯಿತಲ್ಲವೆ? ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ತೂಕದ ಸೇತುವೆಯಿಂದ ತೂಕ ನೇರವಾಗಿ ದಾಖಲೆಗೆ ಹೋದರೆ, ಲಾರಿಯ ಜಿಪಿಎಸ್ ಅದರ ಹಾದಿಯನ್ನು ಬರೆದರೆ, ಪ್ರತಿಯೊಂದು ನಮೂದಿಗೂ ಹ್ಯಾಶ್ ಎಂಬ ಅಂಕಮುದ್ರೆ ಬಿದ್ದರೆ, ಮಧ್ಯದಲ್ಲಿ ಒಬ್ಬ ಗುಮಾಸ್ತ ಒಂದು ಅಂಕಿಯನ್ನು ತಿದ್ದಿದರೂ ಆ ಮುದ್ರೆ ಹೊಂದದೆ ಸಿಕ್ಕಿಬೀಳುತ್ತಾನೆ. ನಮ್ಮ ರಾಜ್ಯದಲ್ಲಿಯೇ ಸುಪ್ರೀಂ ಕೋರ್ಟಿನ ಆದೇಶಗಳ ತರುವಾಯ ಕಾಗದದ ಪರ್ಮಿಟ್ಟಿನ ಜಾಗಕ್ಕೆ ಗಣಕದ ಪರ್ಮಿಟ್ಟು ಬಂದು, ಅದಿರು ಇ-ಹರಾಜಿನಲ್ಲಿ ಮಾರಾಟವಾಗಿ, ಕಳವು ಎಷ್ಟೋ ಕಡಿಮೆಯಾಯಿತೆಂಬುದನ್ನು ನೀವೂ ಒಪ್ಪುತ್ತೀರಿ.

ಹಿರಿಯರು: ಒಪ್ಪುತ್ತೇನೆ, ಸಂತೋಷದಿಂದಲೇ ಒಪ್ಪುತ್ತೇನೆ. ನೀನು ಹೇಳುವ ಹ್ಯಾಶು ಈಗ ನಮ್ಮ ಕಾನೂನಿನೊಳಗೂ ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣಕ್ಕೆ ಜೋಡಿಸಿರುವ ಅನುಸೂಚಿಯಲ್ಲಿ ಒಂದು ನಮೂನೆ ಇದೆ; ನಿವೃತ್ತನಾದ ಮೇಲೆಯೂ ಅದನ್ನು ತರಿಸಿ ಓದಿದೆ. ಎ ಭಾಗವನ್ನು ದಾಖಲೆ ಹಾಜರುಪಡಿಸುವ ಪಕ್ಷಕಾರನು ತುಂಬಬೇಕು: ಯಾವ ಸಾಧನ, ಅದರ ಮಾದರಿ, ಬಣ್ಣ, ಕ್ರಮಸಂಖ್ಯೆ, ಅದು ಯಾರ ಅಧೀನದಲ್ಲಿತ್ತು, ಆ ಕಾಲದಲ್ಲಿ ಸರಿಯಾಗಿ ನಡೆಯುತ್ತಿತ್ತೇ ಎಂಬುದೆಲ್ಲ. ಬಿ ಭಾಗವನ್ನು ತಜ್ಞನು ತುಂಬಬೇಕು. ಎರಡರಲ್ಲಿಯೂ ಹ್ಯಾಶಿನ ಮೌಲ್ಯ ಬರೆದು, ಅದನ್ನು ಯಾವ ಕ್ರಮದಿಂದ ಪಡೆದರೆಂದು ಸಣ್ಣ ಚೌಕದಲ್ಲಿ ಗುರುತು ಹಾಕಬೇಕು. ನ್ಯಾಯಾಲಯದ ಭಾಷೆಯೂ ನಿನ್ನ ಯಂತ್ರದ ಭಾಷೆಯೂ ಒಂದೇ ಹಾಳೆಯ ಮೇಲೆ ಹೀಗೆ ಸಂಧಿಸಿದುದನ್ನು ಕಂಡು ನನಗೆ ನಿಜವಾಗಿ ಆನಂದವಾಯಿತು. ಆದರೂ, ತಾಯಿ, ಹ್ಯಾಶು ಹೇಳುವುದು ಬರೆದ ಮೇಲೆ ಬದಲಾಗಲಿಲ್ಲವೆಂದು; ಬರೆದಾಗ ಸತ್ಯವಾಗಿತ್ತೆಂದು ಅದು ಹೇಳುವುದಿಲ್ಲ.

2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗದಲ್ಲಿಯೂ ತುಮಕೂರಿನಲ್ಲಿಯೂ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ನಿಲ್ಲಿಸಿತು. ಸಮಾಜ ಪರಿವರ್ತನಾ ಸಮುದಾಯದವರು ಹಾಕಿದ ಅರ್ಜಿಯದು. ಆಮೇಲೆ ಮಾಡಿದ ಮೊದಲ ಕೆಲಸ ದಾಖಲೆಗಳನ್ನು ಓದುವುದಲ್ಲ, ನೆಲ ಅಳೆಯುವುದು. ಜಂಟಿ ತಂಡಗಳು ಒಂದೊಂದು ಗುತ್ತಿಗೆಯ ಗುಡ್ಡವನ್ನೂ ಹತ್ತಿ, ನಕ್ಷೆಯಲ್ಲಿ ಬರೆದ ಎಲ್ಲೆಗೂ ಅಗೆದ ಗುಂಡಿಗೂ ಎಷ್ಟು ಅಂತರವೆಂದು ಸರ್ವೆ ಮಾಡಿದವು. ಆ ಸರ್ವೆಯ ಮೇಲೆಯೇ ಎ, ಬಿ, ಸಿ ಎಂಬ ವರ್ಗಗಳಾದವು; ಗುತ್ತಿಗೆಯ ಹೊರಗೆ ಅಗೆದುದು ನೂರಕ್ಕೆ ಹತ್ತನ್ನು ಮೀರಿದರೆ, ಇಲ್ಲವೆ ಹೊರಗೆ ಸುರಿದ ಮಣ್ಣಿನ ರಾಶಿ ನೂರಕ್ಕೆ ಹದಿನೈದನ್ನು ಮೀರಿದರೆ, ಅದು ಸಿ ವರ್ಗ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಆ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಆ ಗುತ್ತಿಗೆಗಳಿಗೂ ನಕ್ಷೆಯಿತ್ತು, ಸಹಿಯಿತ್ತು, ಮೊಹರಿತ್ತು. ಅವಕ್ಕೆ ಅಂದು ಹ್ಯಾಶು ಹಾಕಿದ್ದರೆ ಸುಳ್ಳು ನಕ್ಷೆಯೇ ತಿದ್ದಲಾಗದ ನಕ್ಷೆಯಾಗಿ ಭದ್ರವಾಗಿ ಕೂತಿರುತ್ತಿತ್ತು.

ಕಿರಿಯಳು: ಒಪ್ಪಿದೆ. ಆದರೆ ಸುಪ್ರೀಂ ಕೋರ್ಟಿನ ಆ ಆದೇಶಗಳ ಇನ್ನೊಂದು ಮುಖವನ್ನೂ ನೀವು ಹೇಳಬೇಕು, ಮಾವ. ಎಲ್ಲವೂ ನಿಂತ ದಿನ ಕಳ್ಳನ ಗಣಿಯೂ ನಿಂತಿತು, ನೆಟ್ಟಗಿದ್ದವನ ಗಣಿಯೂ ನಿಂತಿತು. ಸಾಲ ತೆಗೆದು ಲಾರಿ ಕೊಂಡವರು, ಲಾರಿಯ ಹಿಂದೆ ಓಡಾಡುತ್ತಿದ್ದ ಕ್ಲೀನರು ಹುಡುಗರು, ಹಾದಿಬದಿಯ ಹೋಟೆಲಿನವರು, ಪಂಕ್ಚರ್ ಅಂಗಡಿಯವರು, ಇವರಾರ ಹೆಸರೂ ಯಾವ ವರ್ಗದಲ್ಲಿಯೂ ಇರಲಿಲ್ಲ; ಹೊಡೆತ ಮಾತ್ರ ಇವರಿಗೇ ಮೊದಲು ಬಿತ್ತು. ಕಾಂಗೋದಲ್ಲಿಯೂ ಅದೇ ಆಗುತ್ತದೆಂಬುದು ನನ್ನ ಅಂಜಿಕೆ. ಕೋಲ್ವೇಜಿಯ ಸುತ್ತಮುತ್ತ ಕೈಯಿಂದಲೇ ಸುರಂಗ ತೋಡಿ ಕೋಬಾಲ್ಟು ತೆಗೆಯುವ ಬಡ ಜನ ಬಹಳ. ಅವರ ಹತ್ತಿರ ಗುತ್ತಿಗೆಯ ಕಾಗದವೇ ಇಲ್ಲ, ತೂಕದ ಸೇತುವೆಯೂ ಇಲ್ಲ. ದಾಖಲೆ ಇಲ್ಲದ ಅದಿರು ಬೇಡವೆಂದು ಯುರೋಪಿನ ಕಂಪನಿ ಕೈತೊಳೆದುಕೊಂಡರೆ ಪಾಸ್‌ಪೋರ್ಟು ಶುಭ್ರವಾಗಿರುತ್ತದೆ, ಆ ಜನ ಇನ್ನೂ ಕಡಿಮೆ ಬೆಲೆಗೆ ದಲ್ಲಾಳಿಯ ಕೈಗೆ ಬೀಳುತ್ತಾರೆ.

ಹಿರಿಯರು: ಸತ್ಯ. ಆ ಆದೇಶಗಳನ್ನು ನಾನು ಇಂದಿಗೂ ಗೌರವಿಸುತ್ತೇನೆ, ಅವು ಬಾರದಿದ್ದರೆ ಈ ಗುಡ್ಡಗಳು ಉಳಿಯುತ್ತಿರಲಿಲ್ಲ. ಆದರೆ ಆ ಹುಡುಗರ ಮಾತನ್ನು ಕೇಳುವುದಕ್ಕೆ ಅವುಗಳಲ್ಲಿ ಒಂದು ಸ್ಥಳವಿರಬೇಕಾಗಿತ್ತು. ಆದುದರಿಂದಲೇ ಒಡಂಬಡಿಕೆಯೊಂದು ನಡೆಯುವುದಾದರೆ, ಕೊಳ್ಳುವವನು ಬಿಟ್ಟುಹೋಗುವ ಹಕ್ಕಿನ ಜೊತೆಗೆ ಬಿಟ್ಟುಹೋಗುವ ಮುನ್ನ ಸರಿಪಡಿಸಲು ಹಣ ಹಾಕುವ ಹೊಣೆಯೂ ಅದರಲ್ಲಿ ಬರೆದಿರಬೇಕೆನ್ನುತ್ತೇನೆ. ವಜ್ರದ ವಿಷಯದಲ್ಲಿ ನಡೆದುದನ್ನು ನೆನೆದರೆ ಅಂಜಿಕೆಗೆ ಕಾರಣವೂ ಉಂಟು. 2003ರಲ್ಲಿ ಕಿಂಬರ್ಲಿ ಪದ್ಧತಿ ಎಂದು ಸರ್ಕಾರ ಸರ್ಕಾರಗಳು ಸೇರಿ ಪ್ರಮಾಣಪತ್ರದ ಏರ್ಪಾಡು ಮಾಡಿಕೊಂಡವು. ಸೂರತ್ತಿನ ಕುಶಲಕರ್ಮಿಗಳು ಉಜ್ಜುವ ಕಚ್ಚಾ ವಜ್ರಕ್ಕೆಲ್ಲ ಅದು ಬೇಕು. ದಂಗೆಕೋರರು ಮಾರಿದ ವಜ್ರವನ್ನು ಮಾತ್ರ ಕಳಂಕಿತವೆಂದು ಅದು ನಿರ್ವಚಿಸಿತು. ಸರ್ಕಾರದ ಸೈನಿಕರೇ ಗಣಿಯ ಜನರನ್ನು ಹಿಂಸಿಸಿದಾಗ, ಜಿಂಬಾಬ್ವೆಯ ಮರಾಂಗೆಯಲ್ಲಿ ಆದಂತೆ, ಆ ನಿರ್ವಚನದೊಳಗೆ ಅದು ಸೇರಲಿಲ್ಲ. ಆ ಪದ್ಧತಿಗಾಗಿ ಮೊದಲಿಂದ ದುಡಿದ ಗ್ಲೋಬಲ್ ವಿಟ್ನೆಸ್ ಸಂಸ್ಥೆ 2011ರಲ್ಲಿ ಅದರಿಂದ ಹೊರನಡೆಯಿತು. ನಿರ್ಣಯದ ಅಧಿಕಾರ ಸರ್ಕಾರಗಳಿಗೆ ಮಾತ್ರ ಇದ್ದ ಏರ್ಪಾಡಿನಲ್ಲಿ ಸರ್ಕಾರದ ತಪ್ಪನ್ನು ಹೇಳುವವನಿಗೆ ವೀಕ್ಷಕನ ಕುರ್ಚಿ ಇತ್ತು, ಮತವಿರಲಿಲ್ಲ.

ಕಿರಿಯಳು: ಯುರೋಪಿನ ಈ ಕಾನೂನಿನಲ್ಲಿ ದೂರು ಕೇಳುವ ವ್ಯವಸ್ಥೆಯೊಂದನ್ನು ಕಂಪನಿಗಳು ಇಡಬೇಕೆಂದಿದೆ. ಗಣಿಯ ಊರಿನವರು ಕೂಡ ಅದರ ಮೂಲಕ ದೂರಬಹುದು.

ಹಿರಿಯರು: ಯಾವ ಭಾಷೆಯಲ್ಲಿ? ಯಾರ ಮುಂದೆ? ತನ್ನ ಮೇಲಿನ ದೂರನ್ನು ಕಂಪನಿಯೇ ಕೇಳಿ, ಕಂಪನಿಯೇ ಬರೆದುಕೊಂಡರೆ, ಅದು ಮತ್ತೆ ಒಂದೇ ಕಚೇರಿಯ ಲೆಕ್ಕವಾಯಿತು. ಇಲ್ಲಿಯೇ ನಮ್ಮಲ್ಲಿ ಈಗಾಗಲೇ ಇರುವ ಒಂದು ವಸ್ತು ಉಪಯೋಗಕ್ಕೆ ಬರುತ್ತದೆ. ಅದರತ್ತ ಯಾರೂ ತಿರುಗಿ ನೋಡಿಲ್ಲವೆಂಬುದೇ ನನ್ನ ಸಂಕಟ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಬ್ಬಿಣದ ಅದಿರಿನಂಥ ಖನಿಜದ ದೊಡ್ಡ ಗಣಿಗೆ ಅನುಮತಿ ಕೊಡುವ ಮುನ್ನ ಆ ಸ್ಥಳದ ಹತ್ತಿರವೇ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಶಾಮಿಯಾನ ಹಾಕಿ, ಜಿಲ್ಲಾಧಿಕಾರಿಗಳೋ ಅವರ ಪ್ರತಿನಿಧಿಯೋ ಅಧ್ಯಕ್ಷತೆ ವಹಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಪಕ್ಕದಲ್ಲಿ ಕೂತು, ಎದ್ದು ನಿಂತು ಮಾತಾಡಿದವರ ಮಾತನ್ನು ಬರೆದುಕೊಳ್ಳಬೇಕು. ಸಭೆ ಮುಗಿಯುವಾಗ, ಜನ ಎತ್ತಿದ ಆಕ್ಷೇಪಗಳನ್ನೂ ಅದಕ್ಕೆ ಅರ್ಜಿದಾರ ಕೊಟ್ಟ ಸಮಾಧಾನವನ್ನೂ ಅಲ್ಲೇ, ಆ ಜನರೆದುರಿಗೇ, ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಒಪ್ಪಿದ ನಡಾವಳಿಗೆ ಅಂದೇ ಸಹಿ ಹಾಕಬೇಕೆಂದು ಆ ಅಧಿಸೂಚನೆಯ ಅನುಬಂಧದಲ್ಲಿ ಬರೆದಿದೆ. ಕನ್ನಡದಲ್ಲಿ, ಮಗು! ನಾನು ಇಂಥ ಸಭೆಗಳಲ್ಲಿ ಕೂತಿದ್ದೇನೆ. ಕೊಳವೆಬಾವಿಯ ನೀರು ಇಂಥ ವರ್ಷ ಇಷ್ಟು ಅಡಿಗೆ ಇಳಿಯಿತು, ಸ್ಫೋಟ ಸಿಡಿದಾಗ ಗೋಡೆ ಇಂಥ ಕಡೆ ಬಿರಿಯಿತು, ಶಾಲೆಯ ಮುಂದಿನ ರಸ್ತೆಯಲ್ಲಿ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಲಾರಿ ಓಡಬಾರದು ಎಂದು ಅಕ್ಷರ ಬಾರದ ಹೆಣ್ಣುಮಗಳೊಬ್ಬಳು ಎದ್ದು ನಿಂತು ಹೇಳಿದ ಮಾತು, ಯಾವ ತಜ್ಞನ ವರದಿಗೂ ಸಾಟಿಯಾಗುವಂಥದು, ಸರ್ಕಾರಿ ನಡಾವಳಿಯಲ್ಲಿ ದಾಖಲಾಗಿದೆ. ಅನುಮತಿ ಸಿಕ್ಕಿದ ಮೇಲೆ ಆ ನಡಾವಳಿಯನ್ನು ಯಾರೂ ತೆರೆಯುವುದಿಲ್ಲ. ಅದಿರು ಲಾರಿ ಹತ್ತುತ್ತದೆ. ಆ ಮಾತು ಫೈಲಿನಲ್ಲಿ ಉಳಿಯುತ್ತದೆ.

ಕಿರಿಯಳು: ನಿಮ್ಮ ಉದ್ದೇಶ ಈಗ ತಿಳಿಯಿತು. ಅದಿರಿನ ಜೊತೆಗೆ ಆ ನಡಾವಳಿಯೂ ಹೋಗಬೇಕು.

ಹಿರಿಯರು: ಹೋಗಬೇಕು, ಅದೇ ನಿನ್ನ ಪಾಸ್‌ಪೋರ್ಟಿಗೆ ಬೇಕಾದ ಎರಡನೆಯ ಲೆಕ್ಕ. ಗಣಿಯವನು ಬರೆಯದ, ಕೊಳ್ಳುವವನು ಬರೆಯದ, ಊರಿನವರು ಹೇಳಿ ಜಿಲ್ಲಾಧಿಕಾರಿಗಳು ಸಹಿ ಮಾಡಿದ ದಾಖಲೆ ಅದು. ಕಂಪನಿಯ ಹೇಳಿಕೆಯಲ್ಲಿ ಸ್ಥಳೀಯರಿಗೆ ಯಾವ ತೊಂದರೆಯೂ ಇಲ್ಲವೆಂದಿದ್ದು, ನಡಾವಳಿಯಲ್ಲಿ ನಲವತ್ತು ಆಕ್ಷೇಪಗಳಿದ್ದರೆ, ಬರ್ಲಿನ್ನಿನ ಅಧಿಕಾರಿಗೆ ಪ್ರಶ್ನೆ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುತ್ತದೆ. ಕಾಂಗೋದಲ್ಲಿಯೂ ಚಿಲಿಯಲ್ಲಿಯೂ ಊರಿನವರ ಮಾತನ್ನು ಕೇಳುವ ಆಯಾ ದೇಶದ ವಿಧಾನಗಳು ಇದ್ದೇ ಇರುತ್ತವೆ. ಆ ದಾಖಲೆಗಳನ್ನು ಪರಸ್ಪರ ಅಧಿಕೃತವೆಂದು ಒಪ್ಪಿಕೊಳ್ಳುವ ವಿಧಿಯೊಂದು ಒಡಂಬಡಿಕೆಯಲ್ಲಿದ್ದರೆ ಸಾಕು. ಹೇಗ್ ಸಮಾವೇಶದ ಅಪೋಸ್ಟಿಲ್ ಮುದ್ರೆಯ ಏರ್ಪಾಡಿನಲ್ಲಿ ಭಾರತ 2005ರಿಂದಲೇ ಇರುವುದರಿಂದ, ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ನಂಬುವ ದಾರಿ ನಮಗೇನೂ ಅಪರಿಚಿತವಲ್ಲ. ಈ ಊರಿನಿಂದ ವಿದೇಶಕ್ಕೆ ಹೋಗುವ ಹುಡುಗರ ಜನನ ಪತ್ರಕ್ಕೂ ಪದವಿ ಪತ್ರಕ್ಕೂ ಅದೇ ಮುದ್ರೆ ಬೀಳುತ್ತದೆ.

ಕಿರಿಯಳು: ಎರಡು ತೊಡಕುಗಳಿವೆ. ಮೊದಲನೆಯದು ವ್ಯಾಪಾರದ ಗುಟ್ಟು. ಯುರೋಪಿನ ಪಾಸ್‌ಪೋರ್ಟಿನಲ್ಲಿ ಒಂದಷ್ಟು ವಿವರ ಎಲ್ಲರಿಗೂ ಕಾಣುತ್ತದೆ, ಒಂದಷ್ಟು ನ್ಯಾಯವಾದ ಆಸಕ್ತಿ ಇರುವವರಿಗೆ ಮಾತ್ರ, ಉಳಿದದ್ದು ಅಧಿಕಾರಿಗಳಿಗೆ ಮಾತ್ರ. ಯಾವ ಗಣಿಯಿಂದ ಕೊಳ್ಳುತ್ತೇವೆಂಬುದನ್ನು ಪ್ರತಿಸ್ಪರ್ಧಿಗೆ ತಿಳಿಯದಂತೆ ಕಾಪಾಡಿಕೊಳ್ಳುವುದು ನಮ್ಮಂಥ ಕಂಪನಿಗಳಿಗೆ ಜೀವನ್ಮರಣದ ಪ್ರಶ್ನೆ, ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಗಣಿಯ ನಡಾವಳಿ ಜೊತೆಗೆ ಬಂದರೆ ಗಣಿಯ ಹೆಸರೂ ಬಂದಂತೆಯೇ.

ಹಿರಿಯರು: ನ್ಯಾಯವಾದ ಆಸಕ್ತಿ ಇರುವವರು ಎಂದೆಯಲ್ಲ, ಭೀಮಸಮುದ್ರದ ಅಡಕೆ ಬೆಳೆಗಾರನಿಗಿಂತ, ಕೋಲ್ವೇಜಿಯ ಬಾವಿಯ ನೀರು ಕುಡಿಯುವವಳಿಗಿಂತ ನ್ಯಾಯವಾದ ಆಸಕ್ತಿ ಇನ್ನಾರಿಗೆ ಇರಲು ಸಾಧ್ಯ? ಪ್ರತಿಸ್ಪರ್ಧಿಗೆ ತೋರಿಸಬೇಡಿ, ಗಣಿಯ ಊರಿನ ಪಂಚಾಯಿತಿಗೆ ತನ್ನ ನೆಲದ ಅದಿರು ಎಲ್ಲಿ ಹೋಯಿತೆಂದು ತೆರೆದು ನೋಡುವ ಕೀಲಿಕೈ ಕೊಡಿ. ದಾಖಲೆ ಮೇಲಕ್ಕೆ ಹರಿಯುವುದಷ್ಟೇ ಅಲ್ಲ, ಕೆಳಕ್ಕೂ ಹರಿಯಬೇಕು. ಎರಡನೆಯ ತೊಡಕೇನು?

ಕಿರಿಯಳು: ನಮ್ಮ ಜಿಲ್ಲೆಯ ಮಟ್ಟಿಗೆ ಇದು ಇನ್ನೂ ದೂರದ ಮಾತು. ಇಲ್ಲಿಯ ಖನಿಜಗಳಲ್ಲಿ ಬ್ಯಾಟರಿಗೆ ಹತ್ತಿರವಾದವು ಮ್ಯಾಂಗನೀಸೂ 2000ದ ಸುಮಾರಿಗೆ ನಿಂತುಹೋದ ಇಂಗಳದಾಳಿನ ತಾಮ್ರವೂ. ಮ್ಯಾಂಗನೀಸು ಬಹುಪಾಲು ಉಕ್ಕಿನ ಕಡೆಗೇ ಹೋಗುತ್ತದೆ, ಮೇಲಾಗಿ ಯುರೋಪಿನ ಆ ನಾಲ್ಕರ ಪಟ್ಟಿಯಲ್ಲಿ ಅದು ಇಲ್ಲ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಉಂಟೆಂದು ಪರಮಾಣು ಖನಿಜ ನಿರ್ದೇಶನಾಲಯದವರು ಅಂದಾಜಿಸಿದ್ದು 1,600 ಟನ್ನು ಮಾತ್ರ. ನಾವು ಅದಿರು ಕೊಡುವವರಿಗಿಂತ ಕೊಳ್ಳುವವರೇ. ಅರ್ಜೆಂಟೀನದ ಕತಮಾರ್ಕಾ ಪ್ರಾಂತದಲ್ಲಿ ಲಿಥಿಯಂ ಹುಡುಕಲು ಕಾಬಿಲ್ ಎಂಬ ನಮ್ಮ ಸರ್ಕಾರಿ ಕಂಪನಿ 2024ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿದೆ, ಐದು ತುಂಡುಗಳಲ್ಲಿ 15,703 ಹೆಕ್ಟೇರು ನೆಲಕ್ಕೆ. ಅಲ್ಲಿ ದೂರು ಎದ್ದರೆ ಅದು ನಮ್ಮ ಮೇಲೆಯೇ ಏಳುತ್ತದೆ.

ಹಿರಿಯರು: ನನ್ನ ಮಾತಿಗೆ ಅದರಿಂದ ಬಲವೇ ಬಂತು. ನಮ್ಮ ಗುಡ್ಡಕ್ಕೆ ಬೇರೆಯವರು ಏನು ಮಾಡಬಾರದಾಗಿತ್ತೆಂದು ನಾವು ಕೇಳಿದೆವೋ ಅದನ್ನೇ ಕತಮಾರ್ಕಾದ ಒಣ ಬಯಲಿನ ಜನ ನಮ್ಮನ್ನು ಕೇಳುವ ಹಕ್ಕುಳ್ಳವರು. ಒಣ ಬಯಲೆಂದರೇನೆಂದು ಈ ಜಿಲ್ಲೆಗೆ ಯಾರೂ ವಿವರಿಸಬೇಕಾದುದಿಲ್ಲ. ಈ ಭರಮಸಾಗರದ ಕೆರೆಗೆ ತುಂಗಭದ್ರೆಯ ನೀರು ಕೊಳವೆಯಲ್ಲಿ ಬಂದು ಬೀಳುವವರೆಗೆ ಇದರ ಅಂಗಳವನ್ನು ಬರಿದಾಗಿ ಕಂಡವರೇ ನಾವೆಲ್ಲರೂ. ಅಲ್ಲಿಯ ಲಿಥಿಯಂ ದೊರೆಯುವುದು ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಹರಡಿ ಆವಿಯಾಗಿಸುವುದರಿಂದ ಎನ್ನುತ್ತಾರೆ. ಹಾಗಾದರೆ ಅಲ್ಲಿಯವರ ನೀರಿನ ಲೆಕ್ಕ ನಮ್ಮ ಬ್ಯಾಟರಿಯ ದಾಖಲೆಯಲ್ಲಿ ಮೊದಲ ಸಾಲಾಗಿರಬೇಕು. ನಮ್ಮ ದೇಶದಲ್ಲಿ ಬ್ಯಾಟರಿಗೆ ಇಂಥ ಗುರುತು ಬರುವ ಮಾತುಂಟೆ?

ಕಿರಿಯಳು: ಉಂಟು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹಾಕಿವೆ. ಈಗ ರಸ್ತೆ ಸಾರಿಗೆ ಸಚಿವಾಲಯದವರು ಆಧಾರ್ ಮಾದರಿಯಲ್ಲಿ ಪ್ರತಿಯೊಂದು ಬ್ಯಾಟರಿಗೂ 21 ಅಕ್ಷರಗಳ ಗುರುತಿನ ಸಂಖ್ಯೆ ಕೊಡುವ ಕರಡು ಮಾರ್ಗಸೂಚಿಯನ್ನು ಹೊರಡಿಸಿದ್ದಾರೆ. ಆ ಸಂಖ್ಯೆಯೂ ಯುರೋಪಿನ ಪಾಸ್‌ಪೋರ್ಟೂ ಒಂದನ್ನೊಂದು ಓದುವಂತಾಗದಿದ್ದರೆ ಒಂದೇ ಬ್ಯಾಟರಿಗೆ ಎರಡು ಚರಿತ್ರೆ ಬರೆಯಬೇಕಾಗುತ್ತದೆ. ಎರಡು ಚರಿತ್ರೆ ಬರೆಯುವ ಖರ್ಚು ದೊಡ್ಡ ಕಂಪನಿಗೆ ಭಾರವಲ್ಲ. ಪೀಣ್ಯದ ಶೆಡ್ಡುಗಳಲ್ಲಿ ಬಿಡಿಭಾಗ ಮಾಡಿ ಕೊಡುವ ಸಣ್ಣವರಿಗೆ ಭಾರ.

ಹಿರಿಯರು: ಅದನ್ನೂ ಒಡಂಬಡಿಕೆಯ ಮಾತುಕತೆಯಲ್ಲಿ ಮೊದಲಿಗೇ ಇಡಬೇಕು. ಕರಡಿನ ಮೇಲೆ ಅಭಿಪ್ರಾಯ ಬರೆಯುವ ಅವಕಾಶ ಯಾವಾಗ ದೊರೆತರೂ ನಾನು ಒಂದು ಟಿಪ್ಪಣಿ ಬರೆಯುತ್ತೇನೆ. ಅಹವಾಲು ಸಭೆಯ ನಡಾವಳಿಯನ್ನು ದಾಖಲೆಗೆ ಜೋಡಿಸುವುದು, ಅಧಿಕಾರಿ ಅಧಿಕಾರಿಗೆ ನೇರವಾಗಿ ಉತ್ತರಿಸುವುದು, ಊರಿನ ಪಂಚಾಯಿತಿಗೆ ಕೀಲಿಕೈ ಕೊಡುವುದು, ಇಷ್ಟನ್ನು ಕನ್ನಡದಲ್ಲಿಯೇ ಬರೆದು ಕಳಿಸುತ್ತೇನೆ. ನಡಾವಳಿಯ ತರ್ಜುಮೆಗೆ ದುಡ್ಡು ಯಾರು ಕೊಡತಕ್ಕದ್ದೆಂಬುದು ಮಾತ್ರ ನನಗೆ ಇನ್ನೂ ಹೊಳೆದಿಲ್ಲ.

ಕಿರಿಯಳು: ಬ್ಯಾಟರಿ ಮಾರುವವನು ಕೊಡಲಿ. ಆದರೆ ತರ್ಜುಮೆಗಾರನನ್ನು ಅವನು ನೇಮಿಸಬಾರದು, ಜಿಲ್ಲಾಧಿಕಾರಿಗಳ ಕಚೇರಿ ನೇಮಿಸಲಿ. ಇಲ್ಲವಾದರೆ ಆ ಹೆಣ್ಣುಮಗಳು ಹೇಳಿದ ಕೊಳವೆಬಾವಿಯ ಮಾತು ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಅಂತರ್ಜಲದಲ್ಲಿ ಅಲ್ಪ ವ್ಯತ್ಯಾಸ ಎಂದಾಗಿಬಿಡುತ್ತದೆ. ಬರೆದುಕೊಳ್ಳಿ ಮಾವ, ಇದನ್ನೂ ಸೇರಿಸಿ.

ಹಿರಿಯರು: ಸೇರಿಸುತ್ತೇನೆ; ಮೂಲ ಕನ್ನಡದ ಪ್ರತಿಯೂ ತರ್ಜುಮೆಯ ಜೊತೆಗೇ ಹೋಗತಕ್ಕದ್ದು, ಎರಡಕ್ಕೂ ಭೇದ ಬಂದರೆ ಮೂಲವೇ ಪ್ರಮಾಣ ಎಂಬ ಒಂದು ವಾಕ್ಯವನ್ನೂ ಅದರ ಕೆಳಗೆ ಬರೆಯುತ್ತೇನೆ.